ಮನೆಗೆ ಹದಿನಾಲ್ಕು ಸಿಗ್ನಲ್

ಅಕ್ಟೋಬರ್ 7, ಮಂಗಳವಾರ

ವಿದ್ಯಾ: ಹೋಗುವಾಗ 62.3 ಕೆ.ಜಿ., ಬರುವಾಗ 60.1.

ಡಯಾಲಿಸಿಸ್ ಸೆಂಟರಿನ ನರ್ಸ್ ಈ ನೋಟ್‌ಬುಕ್ ಕೊಟ್ಟು, ಹೆಂಡತಿಯ ತೂಕ, ಬಿ.ಪಿ. ತಪ್ಪದೆ ಬರೆಯಿರಿ ಎಂದಳು. ಅದಕ್ಕೆ ಎರಡು ಸಾಲು ಸಾಕು. ಉಳಿದ ಪುಟ ಖಾಲಿ ಬಿಡಲು ನನಗೆ ಮನಸ್ಸು ಬರುವುದಿಲ್ಲ. ತುಂಡು ಬಟ್ಟೆ ಎಸೆಯುವವನು ದರ್ಜಿಯೇ ಅಲ್ಲ. ಹಾಗಾಗಿ ಮೇಲಿನ ಎರಡು ಸಾಲು ವಿದ್ಯಾವತಿಗೆ, ಕೆಳಗಿನದೆಲ್ಲ ನನಗೆ.

ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಅವಳ ರಕ್ತ ಯಂತ್ರದೊಳಗೆ ಹೋಗಿ ಶುದ್ಧವಾಗಿ ಬರುತ್ತದೆ. ಅಷ್ಟೂ ಹೊತ್ತು ನಾನು ಹೊರಗಿನ ಹಾಲ್‌ನಲ್ಲಿ ಕೂರುತ್ತೇನೆ. ಮಂಗಳ, ಗುರು, ಶನಿ ಅಂಗಡಿಗೆ ಹನ್ನೊಂದಕ್ಕೇ ಬೀಗ. ಸ್ಟ್ಯಾಫರ್ಡ್‌ನ ಸೆಂಟರಿನಿಂದ ಶುಗರ್ ಲ್ಯಾಂಡ್‌ನ ನಮ್ಮ ಮನೆಗೆ ಏಳು ಮೈಲಿ, ಹದಿನಾಲ್ಕು ಸಿಗ್ನಲ್. ಎಣಿಸುವುದು ನನ್ನ ಚಟ. ಗುಳೇದಗುಡ್ಡದಿಂದ ಬಂದು ಮೂವತ್ತಾರು ವರ್ಷ ಹ್ಯೂಸ್ಟನ್ನಿನವರ ಪ್ಯಾಂಟು ಗಿಡ್ಡ ಮಾಡಿ ಬದುಕಿದವನು. ಬಾಗಿಲಲ್ಲಿ ನಿಂತವನ ಸೊಂಟ ಎಷ್ಟೆಂದು ಟೇಪಿಲ್ಲದೆ ಹೇಳುತ್ತೇನೆ. ಅವನು ಮೂವತ್ನಾಲ್ಕು ಎನ್ನುತ್ತಾನೆ, ನಾನು ಮೂವತ್ತೇಳು ಬರೆದುಕೊಳ್ಳುತ್ತೇನೆ, ಇಬ್ಬರಿಗೂ ಸಮಾಧಾನ.

ಇವತ್ತಿನ ಸುದ್ದಿ: ಅರವತ್ತೇಳನೆಯ ವಯಸ್ಸಿನಲ್ಲಿ, ಕನ್ನಡಕವಿಲ್ಲದೆ, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದೆ. ಹತ್ತು ವರ್ಷದಿಂದ ಮೂಗಿನ ಮೇಲಿದ್ದ ಓದುವ ಕನ್ನಡಕ ಈಗ ಡ್ರಾಯರಿನಲ್ಲಿದೆ. ಕಣ್ಣಿಗೆ ಪ್ರಾಯ ಮರಳಿದೆ. ಉಳಿದ ಅಂಗಗಳಿಗೂ ಯಾರಾದರೂ ತಿಳಿಸಬೇಕು.

ಈ ನೋಟ್‌ಬುಕ್ಕಿಗೆ ಗೆರೆಗಳಿಲ್ಲ. ಅದರಲ್ಲೂ ಜಿಪುಣತನ. ಚಿಂತೆಯಿಲ್ಲ, ನನ್ನ ಕೈ ನೇರ.

ಅಕ್ಟೋಬರ್ 15, ಬುಧವಾರ

ದೂರದ ಕನ್ನಡಕ ಎಷ್ಟು ಒರೆಸಿದರೂ ಎಣ್ಣೆ ಮೆತ್ತಿದ ಹಾಗೆ ಕಾಣುತ್ತದೆ. ಗಾಜು ಬದಲಿಸೋಣವೆಂದು ಹೋದರೆ, ಪರೀಕ್ಷೆ ಮಾಡಿದ ಹುಡುಗಿ ಗಾಜಿನಲ್ಲಿ ದೋಷವಿಲ್ಲ, ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ ಎಂದಳು. ಸೂಜಿಯ ಸಾಹಸ ಹೇಳಿಕೊಂಡೆ. ಅವಳು ನಕ್ಕಳು. ಅದೂ ಪೊರೆಯ ಆಟವಂತೆ: ಕಣ್ಣೊಳಗಿನ ಮಸೂರ ಗಟ್ಟಿಯಾಗುತ್ತ ಹೋದಾಗ ಹತ್ತಿರದ್ದು ಕೆಲವು ಕಾಲ ಚೆನ್ನಾಗಿ ಕಾಣುತ್ತದೆ, ದೂರದ್ದು ಕೆಡುತ್ತದೆ, ಆಮೇಲೆ ಹತ್ತಿರದ್ದೂ ಹೋಗುತ್ತದೆ. ಇಪ್ಪತ್ತೈದು ವರ್ಷದ ಹುಡುಗಿ ನನ್ನ ಪ್ರಾಯವನ್ನು ಎರಡೇ ನಿಮಿಷದಲ್ಲಿ ಕಿತ್ತುಕೊಂಡಳು.

ಆಪರೇಷನ್ ಯಾವಾಗ ಎಂದು ಕೇಳಿದೆ. "ನಿಮ್ಮ ದಿನದ ಕೆಲಸಕ್ಕೆ ಅಡ್ಡಿ ಬಂದಾಗ" ಎಂದು ಒಬ್ಬ ಸರ್ಜನ್ ಹೆಸರು ಬರೆದುಕೊಟ್ಟಳು. ಅಡ್ಡಿ ಏನೂ ಬಂದಿಲ್ಲ. ಚೀಟಿ ಡ್ರಾಯರಿನಲ್ಲಿ, ಕನ್ನಡಕದ ಪಕ್ಕ.

ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿರುವ ಅಪ್ಪಾಸಾಹೇಬನಿಗೆ ಫೋನ್ ಮಾಡಿದೆ. ನನ್ನ ಜತೆ ಕನ್ನಡ ಶಾಲೆಯಲ್ಲಿ ಕಲಿತವನು; ವೈದ್ಯಕೀಯ ಬಿಟ್ಟು ಮಿಕ್ಕದ್ದೆಲ್ಲ ಓದಿದವನು, ಆದ್ದರಿಂದ ವೈದ್ಯಕೀಯದಲ್ಲಿ ಭಾರೀ ಧೈರ್ಯ.

"ಲೇ ಮಹಾಂತ್ಯಾ, ಕಾಯಿದ್ದಾಗ ಕೈ ಹಚ್ಚಬಾರದೋ. ಪೊರಿ ಹಣ್ಣಾಗ್ಲಿ. ನಿಮ್ಮವ್ವಗ ಕಣ್ಣಿನ ಕ್ಯಾಂಪ್‌ನ್ಯಾಗ ಏನಂದಿದ್ರು, ನೆನಪೈತಿಲ್ಲೋ?"

ನೆನಪಿದೆ. ನಾನೇ ಕೈ ಹಿಡಿದು ಕರೆದುಕೊಂಡು ಹೋಗಿದ್ದೆ. "ಇನ್ನೂ ಬಲಿತಿಲ್ಲ, ಮುಂದಿನ ವರ್ಷ ಬಾ" ಎಂದು ವಾಪಸು ಕಳಿಸಿದ್ದರು. ಎರಡು ವರ್ಷ ಅವ್ವ ಗೋಡೆ ಸವರಿಕೊಂಡು ಓಡಾಡಿದಳು. ಕೊನೆಗೆ ಹಣ್ಣಾಯಿತು, ತೆಗೆದರು, ಕಂಡಿತು. ಅಂದಮೇಲೆ ಕಾಯುವುದೇ ಸರಿ.

ಅಕ್ಟೋಬರ್ 22, ಬುಧವಾರ, ಬಲಿಪಾಡ್ಯಮಿ

ಮಗ ವಿಜಯ್ ಆಸ್ಟಿನ್ ಕಡೆಯ ಟೇಲರ್ ಎಂಬ ಊರಿನಿಂದ ಹಬ್ಬಕ್ಕೆ ಬಂದ. ಅಲ್ಲಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ. ನಿನ್ನೆ ಸೆಂಟರಿಗೆ ನಮ್ಮ ಜತೆ ಹಿಂದಿನ ಸೀಟಿನಲ್ಲಿ ಬಂದ. ಬರುವಾಗ ಅವರವ್ವನ ಬಾಯಿ ನಿಲ್ಲಲಿಲ್ಲ. "ಹಸುರಾತು. ಮುಂದಿನ ಕೆಂಪ ಕಾರ್ ನಿಂತೈತ್ರಿ. ಎಡಕ್ಕ ಶಾಲಿ ಬಸ್. ಇಪ್ಪತ್ತು ಮೈಲಿ ಅಂತ ಬೋರ್ಡ್ ಹಾಕ್ಯಾರ ನೋಡ್ರಿ."

"ಅವ್ವಾ, ಇಷ್ಟ್ಯಾಕ ಮಾತಾಡ್ತಿ? ರೆಸ್ಟ್ ತಗೋ," ಎಂದ ವಿಜಯ್.

"ಹೊತ್ತು ಹೋಗಬೇಕಲ್ಲೋ ತಮ್ಮಾ," ಎಂದಳು.

ನಲವತ್ತು ವರ್ಷ ಈ ಮನೆಯಲ್ಲಿ ಮಾತು ನನ್ನ ಖಾತೆ, ಮೌನ ಅವಳದು. ಎರಡು ತಿಂಗಳಿಂದ ಉಲ್ಟಾ ಆಗಿದೆ. ಡಯಾಲಿಸಿಸ್ ಔಷಧದ ಗುಣವಿರಬೇಕು.

ವಿಜಯ್ ಸುಮ್ಮನಿರುವವನಲ್ಲ. ಸಿಗ್ನಲ್‌ನಲ್ಲಿ ನಿಂತಾಗ, "ಅಪ್ಪಾ, ಆ ಬೋರ್ಡ್ ಓದು ನೋಡೂಣು," ಎಂದ.

"ನಾಕ ವರ್ಷದಿಂದ ಅದs ಬೋರ್ಡ್. ನೀ ಹೊಸಬ, ನೀನs ಓದಪ."

ಅವನು ನಗಲಿಲ್ಲ. ಮನೆಗೆ ಬಂದಮೇಲೆ ಹಳೆಯ ರಾಗ: ಅಂಗಡಿ ಮುಚ್ಚಿ, ಟೇಲರ್‌ಗೆ ಶಿಫ್ಟ್ ಆಗಿ, ಅಲ್ಲೂ ಸೆಂಟರ್ ಇದೆ, ನಾನು ಡ್ರೈವ್ ಮಾಡ್ತೀನಿ. ಮಗನ ಮನೆಯ ಮೂಲೆಯಲ್ಲಿ ಕೂತು ಮೊಮ್ಮಕ್ಕಳ ಗುಂಡಿ ಹೊಲಿಯಬೇಕಂತೆ. ವಿದ್ಯಾಳ ತೋಳಿನ ನರ ಇಲ್ಲಿನ ನರ್ಸ್‌ಗೆ ಗೊತ್ತು. ಸೂಜಿ ಒಂದೇ ಸಲಕ್ಕೆ ಹಾಕುತ್ತಾಳೆ. ಹೊಸಬರು ಮೂರು ಸಲ ಚುಚ್ಚುತ್ತಾರೆ. ನನ್ನ ಕೈಯಲ್ಲಿ ಸ್ಟಿಯರಿಂಗ್ ಇರುವ ತನಕ ನಾವು ಎಲ್ಲಿಗೂ ಹೋಗುವುದಿಲ್ಲ ಎಂದೆ. ವಾದ ಗೆದ್ದೆ.

ನವೆಂಬರ್ 4, ಮಂಗಳವಾರ

ವಿದ್ಯಾ: 62.8, 60.3.

ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಇನ್ನು ನಾಲ್ಕಕ್ಕೆ ಸೆಂಟರ್ ಬಿಟ್ಟರೆ ಸೂರ್ಯ ನೇರ ಗಾಜಿನ ಮೇಲೆ ಬಂದು ಕೂರುತ್ತಾನೆ. ದಾರಿ ಪೂರ್ತಿ ಪಶ್ಚಿಮಕ್ಕೆ. ಗಾಜಿಗೆ ಯಾರೋ ಮಜ್ಜಿಗೆ ಎರಚಿದಂತೆ ಎಲ್ಲ ಬೆಳ್ಳಗೆ, ಅದರೊಳಗೆ ಕಾರುಗಳ ನೆರಳು. ಈ ವರ್ಷ ಬಿಸಿಲೇ ಹೆಚ್ಚು. ಹವಾಮಾನ ಕೆಟ್ಟಿದೆ ಎಂದು ಎಲ್ಲರೂ ಹೇಳುತ್ತಾರಲ್ಲ.

"ಸಾವಕಾಶ ಹೋಗ್ರಿ. ಕೆಂಪ ಬಿತ್ತು," ಎನ್ನುತ್ತಾಳೆ.

"ನನಗೇನು ಕಾಣೂದಿಲ್ಲೇನು?"

"ಕಾಣತೈತ್ರಿ. ನಾ ಸುಮ್ನ ಅಂದೆ."

ನವೆಂಬರ್ 14, ಶುಕ್ರವಾರ

ಸುಮುಖ್ ಎಂಬ ಬೆಂಗಳೂರಿನ ಹುಡುಗ, ಮುಂದಿನ ವಾರ ಮದುವೆ, ಪ್ಯಾಂಟು ಹಿಡಿದುಕೊಂಡು ವಾಪಸು ಬಂದ.

"ಅಂಕಲ್, ಬೇಜಾರ್ ಮಾಡ್ಕೋಬೇಡಿ. ಇದು ಕಪ್ಪು ಪ್ಯಾಂಟು. ನೀವು ನೀಲಿ ದಾರದಲ್ಲಿ ಹೊಲ್ದಿದೀರ."

ಬೆಳಕಿಗೆ ಹಿಡಿದೆ. ಕಪ್ಪೇ. ಕಿಟಕಿಗೆ ಹಿಡಿದೆ. ಕಪ್ಪೇ. ಹುಡುಗ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದ. ಅದೂ ಕಪ್ಪೇ. ವಿದ್ಯಾ ಒಳಗಿನಿಂದ ಬಂದು ನೋಡಿ, "ಬಿಡಪ್ಪಾ, ಬಿಚ್ಚಿ ಹೊಲಿದು ಕೊಡ್ತೀವಿ," ಎಂದಳು. ದಾರದ ಕಂಪನಿಯವರು ಬಣ್ಣ ಕೆಡಿಸಿದ್ದಾರೆ ಎಂದೆ. ಹುಡುಗ ಒಳ್ಳೆಯವನು, ಒಪ್ಪಿದ.

ಮೂವತ್ತಾರು ವರ್ಷದಲ್ಲಿ ಬಣ್ಣ ತಪ್ಪಿದೆ ಎಂದು ಬಂದ ಮೊದಲ ಪ್ಯಾಂಟು. ಅಂಗಡಿಯ ಬಲ್ಬೆಲ್ಲ ಬದಲಿಸಿ ದೊಡ್ಡವು ಹಾಕಿದೆ.

ಸಂಜೆ ನೋಡಿದರೆ ಪ್ರತಿ ದಾರದ ಉಂಡೆಗೂ ವಿದ್ಯಾ ಚೀಟಿ ಅಂಟಿಸಿದ್ದಾಳೆ. ಕರಿ. ನೀಲಿ. ಕಂದು. ದಪ್ಪ ಅಕ್ಷರ. ಪಾಪ, ಅವಳಿಗೂ ಹೊತ್ತು ಹೋಗಬೇಕು.

ನವೆಂಬರ್ 29, ಶನಿವಾರ

ವಿದ್ಯಾ: 63.0, 60.4.

ಬರೆಯಲು ಏನಿಲ್ಲ. ಮನೆ ತಿರುವಿನಲ್ಲಿ ಕಾರು ಫುಟ್‌ಪಾತ್ ಹತ್ತಿತು. ಫುಟ್‌ಪಾತ್ ಎತ್ತರ ಮಾಡಿದ್ದಾರೆ.

ಡಿಸೆಂಬರ್ 11, ಗುರುವಾರ

ವಿದ್ಯಾ: 63.4, 60.3. ಬಿ.ಪಿ. ನಡುವೆ 88/50, ಬಿಡುವಾಗ 104/60.

ನಾಳೆಯ ತನಕ ಕಾದರೆ ನಾನು ಇದನ್ನು ಬೇರೆ ರೀತಿ ಬರೆಯುತ್ತೇನೆ, ಗೊತ್ತು. ಈಗಲೇ ಬರೆಯಬೇಕು.

ಇವತ್ತು ಮೂರು ಲೀಟರಿಗೂ ಹೆಚ್ಚು ನೀರು ತೆಗೆದರು. ಕಾಲು ಸೆಳೆತ ಬಂದು ಅವಳು ಕೂಗಿದ್ದು ಹೊರಗಿನ ಹಾಲ್‌ಗೆ ಕೇಳಿಸಿತು. ಬಿ.ಪಿ. ಇಳಿಯಿತು. ಅರ್ಧ ಗಂಟೆ ಮಲಗಿಸಿ, ಮತ್ತೆ ನೋಡಿ, ಬಿಟ್ಟರು. ಕಾರಿನ ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ ಅವಳ ತಲೆ ಕಿಟಕಿಗೆ ಒರಗಿತು. "ಮಲಕ್ಕೊ," ಎಂದೆ. ನಾಲ್ಕೂ ಇಪ್ಪತ್ತು.

ಮೂರು ಸಿಗ್ನಲ್ ಕಟ್ಟಡಗಳ ನೆರಳಿನಲ್ಲಿ ದಾಟಿದೆ. ನಾಲ್ಕನೆಯದಕ್ಕೆ ಬಿಸಿಲು ಎದುರಾಯಿತು. ಕಂಬ ಕಂಡಿತು, ಕಂಬದ ಮೇಲಿನ ಬಣ್ಣ ಕಾಣಲಿಲ್ಲ. ನಿಲ್ಲಿಸಿದೆ. ಏನೋ ಬರಬೇಕಿತ್ತು, ಬರಲಿಲ್ಲ. ಏನು ಬರಬೇಕಿತ್ತು ಎಂದು ನನಗೇ ತಿಳಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. ಹೋದೆ.

ಆಮೇಲೆ ನನ್ನ ಬುದ್ಧಿ ಓಡಿತು. ಮುಂದೆ ಒಂದು ಬಿಳಿ ವ್ಯಾನು. ಅದು ನಿಂತರೆ ನಿಲ್ಲುವುದು, ಹೋದರೆ ಹೋಗುವುದು. ಐದು, ಆರು, ಏಳು, ಎಂಟು ಹಾಗೇ ದಾಟಿದವು. ಒಂಬತ್ತರಲ್ಲಿ ವ್ಯಾನು ನಿಂತಿತು, ನಾನೂ ನಿಂತೆ. ವ್ಯಾನು ಹೊರಟಿತು, ನಾನೂ ಹೊರಟೆ. ವ್ಯಾನು ಬಲಕ್ಕೆ ತಿರುಗಿತು. ಈ ಊರಿನಲ್ಲಿ ಕೆಂಪು ಇದ್ದಾಗಲೂ ಬಲಕ್ಕೆ ತಿರುಗಬಹುದು. ಮಗುವಿಗೂ ಗೊತ್ತಿರುವ ವಿಷಯ. ನಾನು ನೇರ ಹೋದೆ.

ಅರ್ಧ ದಾಟಿದಾಗ ಬಲಗಡೆಯಿಂದ ಲಾರಿಯ ಹಾರ್ನ್. ಹಾರ್ನ್ ಅಲ್ಲ, ಗೋಡೆ ಬಿದ್ದ ಸದ್ದು. ಬ್ರೇಕ್ ಒತ್ತಿದೆ, ಅವನೂ ಒತ್ತಿದ. ಸಿಮೆಂಟ್ ಕಲಸುವ ಲಾರಿ. ಅದರ ಮೂತಿ ವಿದ್ಯಾಳ ಬಾಗಿಲಿನ ಹತ್ತಿರ ನಿಂತಿತು. ಇಪ್ಪತ್ತು ಇಂಚು. ಟೇಪ್ ಬೇಕಿಲ್ಲ.

ಅವಳು ಕಣ್ಣು ಬಿಡುವ ಮೊದಲೇ ಬಾಯಿ ಬಿಟ್ಟಳು. "ಕೆಂಪ ಐತ್ರಿ! ಕೆಂಪ, ಕೆಂಪ!"

ಹೇಗೋ ದಾಟಿ ಡೋನಟ್ ಅಂಗಡಿಯ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದೆ. ಇಂಜಿನ್ ಆಫ್ ಮಾಡಿದೆ. ಅವಳು ಅಳುತ್ತಿದ್ದಳು, ನನಗೆ ಬೈಯುವ ಬದಲು ಕ್ಷಮೆ ಕೇಳುತ್ತಿದ್ದಳು. "ಕಣ್ಣು ಹತ್ತಿಬಿಡ್ತ್ರಿ. ನಾ ಮಲಗಬಾರದಿತ್ತು."

ಆಗ ತಿಳಿಯಿತು ನಾಲ್ಕನೆಯ ಸಿಗ್ನಲ್‌ನಲ್ಲಿ ಏನು ಬರಲಿಲ್ಲ ಎಂದು.

"ಯಾವಾಗಿಂದ?" ಎಂದೆ.

"ಗಣಪತಿ ಹಬ್ಬದಿಂದ. ಆವತ್ತ ಆ ಮುದುಕಿ ರಸ್ತೆ ದಾಟೂದು ನಿಮಗ ಕಾಣಲಿಲ್ಲ. ನಾ ಒದರಿದೆ, ನಿಲ್ಲಿಸಿದ್ರಿ. ಆಮ್ಯಾಲೆ 'ಮುದುಕಿ ಓಡಿ ಬಂದ್ಲು' ಅಂದ್ರಿ. ಮುದುಕಿ ವಾಕರ್ ಹಿಡಕೊಂಡಿದ್ಳ್ರೀ."

"ನನಗ ಹೇಳಬೇಕಿಲ್ಲೇನು?"

"ಹೇಳಿದ್ರ ವಾದಾ ಆಗ್ತೈತಿ, ವಾದಾ ನೀವs ಗೆಲ್ತೀರಿ. ಹಸುರು ಕೆಂಪು ಅಂದ್ರ ವಾದಾ ಇಲ್ಲ."

ಆಗಸ್ಟಿನಿಂದ ಡಿಸೆಂಬರ್. ವಾರಕ್ಕೆ ಮೂರು. ಹೋಗಿ ಬಂದು ದಿನಕ್ಕೆ ಇಪ್ಪತ್ತೆಂಟು ಸಿಗ್ನಲ್. ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ಬಂದವರೆಲ್ಲ ಕಾರಿನಲ್ಲಿ ಹೆಣದಂತೆ ಮಲಗುತ್ತಾರೆ. ಲೆಕ್ಕವನ್ನು ಅಲ್ಲಿಗೇ ಬಿಟ್ಟೆ.

ಕಾರು ಅಲ್ಲೇ ಬಿಟ್ಟು ಟ್ಯಾಕ್ಸಿ ಕರೆಸಿದೆವು. ಬೀಗದ ಕೈ ಅವಳ ಪರ್ಸಿಗೆ ಹಾಕಿದೆ. ಡ್ರಾಯರಿನಿಂದ ಚೀಟಿ ತೆಗೆದೆ.

ಡಿಸೆಂಬರ್ 13, ಶನಿವಾರ

ವಿದ್ಯಾ: 63.9. ಬರುವಾಗಿನದು 62.0.

ಬಾಡಿಗೆ ವ್ಯಾನ್ ಒಂದೂವರೆ ಗಂಟೆ ತಡ. ಅವಳ ಪಾಳಿಯ ನಾಲ್ಕು ಗಂಟೆಯಲ್ಲಿ ಅಷ್ಟು ಹೋಯಿತು, ಎರಡೂವರೆ ಗಂಟೆಯಷ್ಟೇ ಯಂತ್ರ. ಎರಡು ಕೆ.ಜಿ.ಯಷ್ಟು ನೀರು ಮೈಯಲ್ಲೇ ಉಳಿಯಿತು. ಮೆಟ್ಟಿಲು ಹತ್ತುವಾಗ ಏದುಸಿರು. ದಿಂಬು ನಾಲ್ಕು ಇಟ್ಟು ಕೂರಿಸಿದ್ದೇನೆ.

ವಿಜಯ್ ಫೋನ್ ಮಾಡಿದ. ಎಲ್ಲ ಹೇಳಿದೆ. ಲಾರಿಯನ್ನೂ ಹೇಳಿದೆ, ಇಂಚನ್ನೂ ಹೇಳಿದೆ. "ಕಣ್ಣು ಸರಿ ಆಗ್ಲಿಲ್ಲ ಅಂದ್ರ ಫೆಬ್ರವರಿಗೆ ಶಿಫ್ಟ್. ನೋ ಆರ್ಗ್ಯುಮೆಂಟ್, ಅಪ್ಪಾ," ಎಂದ. ಆಯಿತು ಎಂದೆ.

ಡಿಸೆಂಬರ್ 17, ಬುಧವಾರ

ಸರ್ಜನ್ ಹೆಸರು ಅನಘಾ. ಮೈಸೂರಿನ ಕಡೆಯ ಮಾತು. ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು ನೋಡಿದರು. ವಿದ್ಯಾ ಪಕ್ಕದಲ್ಲಿ.

"ಅಂಕಲ್, ಎಡಗಣ್ಣಿನ ಪೊರೆ ತೆಗೆಯೋದು ಸುಲಭ. ಬಲಗಣ್ಣಿನ ಪೊರೆ ತುಂಬ ಗಟ್ಟಿಯಾಗಿದೆ. ಇಷ್ಟು ದಿನ ಯಾಕೆ ಬಿಟ್ರಿ?"

"ಹಣ್ಣಾಗ್ಲಿ ಅಂತ."

"ಹಣ್ಣಾಗೋದಾ!" ನಗುವುದೋ ಸಿಟ್ಟಾಗುವುದೋ ಅವರಿಗೇ ತಿಳಿಯಲಿಲ್ಲ. "ನಮ್ಮಜ್ಜೀನೂ ಇದೇ ಹೇಳೋರು. ಆಗಿನ ಕಾಲದಲ್ಲಿ ಅದು ಸರಿ ಅಂಕಲ್. ಆಗ ಇಡೀ ಮಸೂರಾನ ಹೊರಗೆ ತೆಗೀತಿದ್ರು, ಆಮೇಲೆ ದಪ್ಪ ಗಾಜು ಹಾಕ್ಕೋಬೇಕಿತ್ತು. ಅಷ್ಟು ಕಷ್ಟ ಪಡೋ ಬದಲು ಪೂರ್ತಿ ಕುರುಡಾದ ಮೇಲೇ ಮಾಡೋಣ ಅಂತ ಕಾಯ್ತಿದ್ರು. ಈಗ ಸಣ್ಣ ಸೀಳಿನಲ್ಲಿ ಪುಡಿ ಮಾಡಿ ಹೀರಿ, ಹೊಸ ಮಸೂರ ಒಳಗೇ ಕೂರಿಸ್ತೀವಿ. ಗಟ್ಟಿಯಾದಷ್ಟೂ ಪುಡಿ ಮಾಡೋದು ಕಷ್ಟ, ಕಣ್ಣಿಗೆ ಪೆಟ್ಟು ಜಾಸ್ತಿ. ಕಾದು ಏನೂ ಬರಲ್ಲ."

"ಮತ್ತ ಯಾವಾಗ ಬರಬೇಕಿತ್ತು?"

"ದೀಪದ ಸುತ್ತ ಪ್ರಭೆ, ಬಿಸಿಲಿಗೆ ಕಣ್ಣು ಕುಕ್ಕೋದು, ಬಣ್ಣ ತಪ್ಪೋದು, ಪದೇ ಪದೇ ಕನ್ನಡಕದ ನಂಬರ್ ಬದಲಾಗೋದು... ಇವೆಲ್ಲ ಇದ್ದು, ದಿನಾ ಮಾಡೋ ಕೆಲಸ ಸಲೀಸಾಗಿ ಆಗ್ತಿಲ್ಲ ಅನ್ನಿಸಿದ ದಿನ. ಅಷ್ಟೇ. ಈಗ ಹೇಳಿ, ಡ್ರೈವ್ ಮಾಡ್ತಿದ್ರಾ?"

ನನ್ನ ಬಾಯಿಯಲ್ಲಿ ಉತ್ತರ ಸಿದ್ಧವಿತ್ತು. ಅಷ್ಟರಲ್ಲಿ ವಿದ್ಯಾ ಅಂದಳು: "ನಾ ನೋಡ್ತಿದ್ದೆರಿ ಡಾಕ್ಟ್ರ. ಇವ್ರು ಹೊಡೀತಿದ್ರು."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಎರಡೂ ಕಣ್ಣು ಆಗುವ ತನಕ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ. ಬಲಗಣ್ಣು ಜನವರಿ 7, ಎಡಗಣ್ಣು 21. ಬಲಗಣ್ಣು ಎಷ್ಟು ಮರಳುತ್ತದೆ ಎಂಬುದನ್ನು ಮಾಡಿದ ಮೇಲೆಯೇ ಹೇಳಬಲ್ಲೆ ಎಂದರು.

ನಾನು ವಾದ ಮಾಡಲಿಲ್ಲ.

ಡಿಸೆಂಬರ್ 23, ಮಂಗಳವಾರ

ವಿದ್ಯಾ: 62.6, 60.2.

ಅಪ್ಪಾಸಾಹೇಬ ಫ್ರಿಸ್ಕೋದಿಂದ ಐದು ಗಂಟೆ ಕಾರು ಹೊಡೆದುಕೊಂಡು ಬಂದಿಳಿದ. ಕೈಯಲ್ಲಿ ಚೀಲ, ಚೀಲದಲ್ಲಿ ಶೇಂಗಾ ಹೋಳಿಗೆ, ಮುಖದಲ್ಲಿ ತಪ್ಪು. ಎರಡನೆಯ ಕಣ್ಣು ಆಗಿ ಡಾಕ್ಟರ್ ಒಪ್ಪುವ ತನಕ ಇಲ್ಲೇ ಇರುತ್ತಾನಂತೆ.

"ಹಣ್ಣಾಗ್ಲಿ ಅಂದವ ನಾನು. ಈಗ ಡ್ರೈವರೂ ನಾನs."

"ನಿನ್ನ ಕಣ್ಣು ತೋರಿಸೀಯೇನು?" ಎಂದು ಕೇಳಿದೆ. ಇಲ್ಲ. ಅನಘಾ ಅವರ ನಂಬರ್ ಕೊಟ್ಟೆ. ಸೆಂಟರಿನಿಂದ ಬರುವಾಗ ನಾನು ಹಿಂದಿನ ಸೀಟಿನಲ್ಲಿ ಕೂತು ವಿದ್ಯಾಳನ್ನೇ ಗಮನಿಸಿದೆ. ಅವನು ಡ್ರೈವ್ ಮಾಡಿದರೂ ಅವಳು ಮಲಗಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಕೆಂಪು, ಹಸುರು.

ಜನವರಿ 7, ಬುಧವಾರ

ಬಲಗಣ್ಣಿಗೆ ಮುಚ್ಚಳ. ಎಡಗಣ್ಣಿನಲ್ಲಿ ಬರೆಯುತ್ತಿದ್ದೇನೆ.

ಎಚ್ಚರವಿದ್ದೇ ಮಾಡಿದರು. ನೋವಿಲ್ಲ, ಬೆಳಕು ಮಾತ್ರ. ಡಾಕ್ಟರ್ ನಡುವೆ ಒಮ್ಮೆ ಮಾತು ನಿಲ್ಲಿಸಿದರು. ಯಂತ್ರದ ಗುಂಯ್ ಸದ್ದು ನಿಂತಿತು, ಮತ್ತೆ ಬಂತು, ಮತ್ತೆ ನಿಂತಿತು. ಅಲ್ಲಾಡಬೇಡಿ ಅಂಕಲ್, ಇನ್ನೊಂದು ಚೂರು ಉಳಿದಿದೆ ಎಂದರು. ಮಾತಿನವನಾದ ನಾನು ಉಸಿರು ಸಹ ಬಿಡಲಿಲ್ಲ.

ಗಟ್ಟಿಯಾಗಿತ್ತು, ಕಣ್ಣು ಊದಿಕೊಂಡಿರುತ್ತದೆ, ಒಂದು ವಾರ ಮಸುಕು. ಆಮೇಲೆ ನೋಡೋಣ ಎಂದರು. ಒಂದು ವಾರ.

ಜನವರಿ 13, ಮಂಗಳವಾರ

ವಿದ್ಯಾ: 62.0, 60.0.

ಮಸುಕು. ಹಾಲಿನೊಳಗೆ ನೋಡಿದ ಹಾಗೆ. ವಿಜಯ್ ಟೇಲರ್‌ನ ಸೆಂಟರಿನ ಫಾರ್ಮ್ ಕಳಿಸಿದ್ದಾನೆ. ಸಹಿ ಮಾಡಿ ಮೇಜಿನ ಮೇಲಿಟ್ಟಿದ್ದೇನೆ. ವಿದ್ಯಾಳಿಗೆ ಹೇಳಿಲ್ಲ.

ಜನವರಿ 16, ಶುಕ್ರವಾರ

ಬೆಳಿಗ್ಗೆ ಅಂಗಡಿ ತೆರೆದೆ. ಎಡಗಣ್ಣು ಮುಚ್ಚಿ ನೋಡಿದೆ. ಬಲಗಣ್ಣು ಮುಚ್ಚಿ ನೋಡಿದೆ. ಹತ್ತು ಸಲ ಹಾಗೇ ಮಾಡಿದೆ. ಹೊರಗೆ ನಿಂತಿದ್ದ ಗಿರಾಕಿಯೊಬ್ಬಳು ನಾನು ಕಣ್ಣು ಹೊಡೆಯುತ್ತಿದ್ದೇನೆ ಎಂದುಕೊಂಡು ಹೋಗಿಬಿಟ್ಟಳು. ಹಳೆಯ ಕಣ್ಣಿನಲ್ಲಿ ಗೋಡೆ ಕೆನೆಬಣ್ಣ, ಹೊಸದರಲ್ಲಿ ಬಿಳಿ. ಹಳೆಯದರಲ್ಲಿ ದಾರದ ಉಂಡೆಗಳು ಎಲ್ಲ ಕರಿ. ಹೊಸದರಲ್ಲಿ ನೀಲಿ ಎನ್ನುವುದು ಇದೆ!

ಈ ನೋಟ್‌ಬುಕ್ಕಿಗೆ ಗೆರೆಗಳಿವೆ. ತಿಳಿನೀಲಿ ಗೆರೆಗಳು, ಮೊದಲ ಪುಟದಿಂದಲೂ. ನನ್ನ ಮೂರು ತಿಂಗಳ ಬರಹದಲ್ಲಿ ಒಂದು ಸಾಲೂ ಗೆರೆಯ ಮೇಲಿಲ್ಲ.

ವಿದ್ಯಾ ಚಹಾ ತಂದಳು. ಅವಳನ್ನು ಹೊಸ ಕಣ್ಣಿನಲ್ಲಿ ನೋಡಿದೆ. ನಾನು ಕಂಡಿದ್ದು ಅರಿಸಿನ ಬಣ್ಣದ, ಗುಂಡು ಮುಖ. ಇದು ಬೂದಿ ಬಣ್ಣ. ಕಣ್ಣಿನ ಕೆಳಗೆ ಕಪ್ಪು. ಸೂಜಿ ಹಾಕುವ ತೋಳಿನಲ್ಲಿ ನರ ಹಗ್ಗದಂತೆ ಎದ್ದಿದೆ. ಕುಪ್ಪಸ ಭುಜದಲ್ಲಿ ಒಂದೂವರೆ ಇಂಚು ಸಡಿಲ. ದರ್ಜಿಯ ಹೆಂಡತಿ.

"ಏನ್ರಿ ಹಂಗ ನೋಡ್ತೀರಿ?"

"ಕುಪ್ಪಸ ಕೊಡು, ಹಿಡಿದು ಕೊಡ್ತೀನಿ," ಎಂದೆ.

ಮೂರು ತಿಂಗಳು ಅವಳ ತೂಕ ಬರೆದಿದ್ದೇನೆ. ಮುಖ ಒಮ್ಮೆಯೂ ಬರೆದಿಲ್ಲ.

ಫೆಬ್ರವರಿ 3, ಮಂಗಳವಾರ

ವಿದ್ಯಾ: 61.9, 59.8. ಮುಖ: ದಣಿದಿದೆ, ಆದರೆ ಹೋದ ವಾರದಷ್ಟಿಲ್ಲ.

21ಕ್ಕೆ ಎಡಗಣ್ಣೂ ಆಯಿತು. ನಿನ್ನೆ ಡಾಕ್ಟರ್ ಎರಡೂ ಕಣ್ಣು ನೋಡಿ ಡ್ರೈವ್ ಮಾಡಬಹುದು ಎಂದು ಬರೆದುಕೊಟ್ಟರು. ಜತೆಗೆ ಬಂದಿದ್ದ ವಿಜಯ್ ಮನೆಗೆ ಬಂದು ಟೇಲರ್‌ನ ಫಾರ್ಮ್ ತಾನೇ ಹರಿದ. ಅಪ್ಪಾಸಾಹೇಬ ಬೆಳಿಗ್ಗೆ ಹೊರಟ. ಅವನ ಕಣ್ಣಿಗೂ ಮಾರ್ಚ್‌ನಲ್ಲಿ ತಾರೀಖು ಸಿಕ್ಕಿದೆ.

ನಾಲ್ಕೂ ಹತ್ತಕ್ಕೆ ಸೆಂಟರ್ ಬಿಟ್ಟೆವು. ಸೂರ್ಯ ಅದೇ ಜಾಗದಲ್ಲಿ. ಬರೀ ಸೂರ್ಯ, ಮಜ್ಜಿಗೆಯಿಲ್ಲ.

ಮೊದಲ ಸಿಗ್ನಲ್‌ನಲ್ಲಿ ಅವಳು "ಹಸುರು" ಎಂದಳು. ಎರಡನೆಯದರಲ್ಲಿ "ಕೆಂಪ ಬಿತ್ತು" ಎನ್ನುವಾಗ ನನ್ನ ಕಾಲು ಆಗಲೇ ಬ್ರೇಕಿನ ಮೇಲಿತ್ತು. ಅವಳು ಬಗ್ಗಿ ನನ್ನ ಕಾಲು ನೋಡಿದಳು. ಮೂರನೆಯದರಲ್ಲಿ "ಹಸು..." ಎಂದು ಅಷ್ಟಕ್ಕೇ ನಿಲ್ಲಿಸಿದಳು. ನಾಲ್ಕರಲ್ಲಿ ಸದ್ದಿಲ್ಲ. ತಿರುಗಿ ನೋಡಿದರೆ ತಲೆ ಕಿಟಕಿಗೆ ಒರಗಿದೆ, ಬಾಯಿ ಸ್ವಲ್ಪ ತೆರೆದಿದೆ, ತುಟಿ ಅಲ್ಲಾಡುತ್ತಿಲ್ಲ.

ಒಂಬತ್ತನೆಯದು ಕೆಂಪಾಗಿತ್ತು. ಬಿಳಿ ಗೆರೆಯ ಹಿಂದೆ ನಿಂತೆ. ಪಕ್ಕದ ಕಾರು ಬಲಕ್ಕೆ ತಿರುಗಿ ಹೋಯಿತು. ನಾನು ಅಲ್ಲಾಡಲಿಲ್ಲ. ಎದುರಿಗೆ ಗಾಡಿಗಳು ಒಂದೊಂದಾಗಿ ದಾಟಿದವು. ಹಸುರಾಯಿತು. ಯಾರೂ ಹೇಳಲಿಲ್ಲ. ಹೋದೆ.

ಮನೆಯ ಮುಂದೆ ಕಾರು ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ನೋಟ್‌ಬುಕ್ ಇಟ್ಟು ಇದನ್ನು ಬರೆಯುತ್ತಿದ್ದೇನೆ. ಗೆರೆಯ ಮೇಲೆ. ಕಾರಿನ ಬಾಗಿಲು ತೆರೆದರೆ ಬೆಲ್ ಹೊಡೆಯುತ್ತದೆ, ಅದಕ್ಕೇ ತೆರೆದಿಲ್ಲ.

ಸಿಗ್ನಲ್ ಹದಿನಾಲ್ಕು. ಅವಳು ಹೇಳಿದ್ದು ಎರಡೂವರೆ. ಇನ್ನೂ ಮಲಗಿದ್ದಾಳೆ.